ಘಾಟಿ ಹತ್ತುವಾಗ ಮಾತ್ರ ಎಂಜಿನ್ ಕಾಯುವುದೇಕೆ?

ಪ್ರಶ್ನೆ: ಹಳೆಯ ಡೀಸೆಲ್ ಪಿಕಪ್‌ನಲ್ಲಿ ಮಂಗಳೂರಿನಿಂದ ಕಡೂರಿಗೆ ರಸಗೊಬ್ಬರ ತರುತ್ತೇನೆ. ಚಾರ್ಮಾಡಿ ಘಾಟಿಯ ನಾಲ್ಕೈದು ತಿರುವು ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಬಯಲು ರಸ್ತೆಯಲ್ಲಿ ತೊಂದರೆಯಿಲ್ಲ. ಮೆಕ್ಯಾನಿಕ್ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಕವಾಟ) ತೆಗೆದುಹಾಕಿದ ಮೇಲೆ ಇನ್ನೂ ಬೇಗ ಕಾಯುತ್ತಿದೆ. ಎಂಜಿನ್ ಬಿಚ್ಚಿಸಬೇಕೇ?

ಉತ್ತರ: ಈಗಲೇ ಬೇಡ. ಮೊದಲು ಹೊಸ ಥರ್ಮೋಸ್ಟಾಟ್ ಹಾಕಿಸಿ. ಅದನ್ನು ಕಿತ್ತರೆ ಎಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ. ಇದರಿಂದ ಹಾಳಾದ ಎಂಜಿನ್‌ಗಳನ್ನು ಕಂಡು ನನಗೆ ಬೇಸರವಾಗಿದೆ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಸುಮಾರು 82 ಡಿಗ್ರಿಗೆ ತೆರೆದು ರೇಡಿಯೇಟರ್‌ಗೆ ದಾರಿ ಬಿಡುತ್ತದೆ, ಜೊತೆಗೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಎಂಜಿನ್‌ಗೆ ಮರಳುತ್ತದೆ. ನಿಮ್ಮ ಗಾಡಿ ಈಗ ಬೇಗ ಕಾಯಲು ಇದೇ ಕಾರಣವಿರಬಹುದು.

ಮೂಲ ದೋಷ ಬೇರೆಡೆ ಇದೆ. ಬಯಲಿನಲ್ಲಿ ಓಟದ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಘಾಟಿಯಲ್ಲಿ ವೇಗ ಕಡಿಮೆ, ಭಾರ ಹೆಚ್ಚು. ಎಲ್ಲವೂ ಫ್ಯಾನಿನ ಮೇಲೆ ಬೀಳುತ್ತದೆ. ಬೆಲ್ಟ್ ಸಡಿಲವಾಗಿದೆಯೇ ನೋಡಿ. ಫ್ಯಾನಿಗೆ ಸಿಲಿಕೋನ್ ಎಣ್ಣೆಯ ಕ್ಲಚ್ ಇದ್ದರೆ, ಬಿಸಿ ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು, ಗಿರಗಿಟ್ಟಲೆಯಂತೆ ಸುತ್ತಿದರೆ ಕ್ಲಚ್ ಸತ್ತಿದೆ.

ಆಮೇಲೆ ರೇಡಿಯೇಟರ್. ಎ.ಸಿ. ಇದ್ದರೆ ಅದರ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹುಳು ಮೆತ್ತಿ ಗೋಡೆಯಾಗಿರುತ್ತದೆ. ಮುಂದಿನಿಂದ ನೋಡಿದರೆ ಕಾಣದು. ಒಳಗೆ ಏನು ತುಂಬಿಸುತ್ತಿದ್ದೀರಿ ಎಂಬುದನ್ನು ನೀವು ಬರೆದಿಲ್ಲ. ಕೊಳವೆಬಾವಿಯ ಗಡಸು ನೀರಾದರೆ, ಸ್ನಾನದ ಹಂಡೆಯಲ್ಲಿ ಕಟ್ಟುವ ಅದೇ ಬಿಳಿ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟಿರುತ್ತದೆ. ಒಳಗೆ ತೊಳೆಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಹಾಕಿ. ಮುಚ್ಚಳದ ರಬ್ಬರ್ ಸವೆದಿದ್ದರೆ ಅದನ್ನೂ ಬದಲಿಸಿ. ಆ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ನೀರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ.

ಇಷ್ಟಾದರೂ ಕಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಅನುಮಾನಿಸಿ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿ. ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ, ಆಗ ಬಿಚ್ಚಿಸಲೇಬೇಕು.

ಗೇರ್ ಬಗ್ಗೆಯೂ ಒಂದು ಮಾತು. ಡೀಸೆಲ್ ಉಳಿಯಲೆಂದು ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುತ್ತಾ ಹತ್ತಬೇಡಿ. ತಿರುವಿಗೆ ಮೊದಲೇ ಕೆಳಗಿನ ಗೇರಿಗೆ ಇಳಿಸಿದರೆ ಎಂಜಿನ್ ಸುತ್ತು ಏರಿ, ಬೆಲ್ಟಿನಿಂದ ಓಡುವ ನೀರಿನ ಪಂಪು, ಫ್ಯಾನು ಜೋರಾಗಿ ತಿರುಗುತ್ತವೆ.

ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ನಿನ ಬಿಸಿ ಹೊರಹೋಗಲು ಹೀಟರ್ ಪೂರ್ತಿ ಹಾಕಿ ಕೆಲ ನಿಮಿಷ ಐಡಲ್‌ನಲ್ಲಿ ಬಿಡಿ. ಬೆಲ್ಟ್ ಕಡಿದಿದ್ದರೆ ಅಥವಾ ನೀರು ಸೋರಿಹೋಗಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ಬಿಸಿ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.