ನಮ್ಮ ಬಡಾವಣೆಗೆ ಒಳಚರಂಡಿ ಬೇಕು, ಬೆಂಗಳೂರಿನಲ್ಲಿ ಅರ್ಜಿ ಯಾರಿಗೆ ಕೊಡಬೇಕು?
ಜಲಮಂಡಳಿಗೆ. ಪಾಲಿಕೆಯದು ಮಳೆನೀರಿನ ಚರಂಡಿ, ರಾಜಕಾಲುವೆ. ಅಲ್ಲಿ ಕೊಟ್ಟ ಅರ್ಜಿ ಸುಮ್ಮನೆ ಅಲೆಯುತ್ತದೆ.

ರಸ್ತೆಯಲ್ಲಿ ಆಗಲೇ ಯುಜಿಡಿ (ಒಳಚರಂಡಿ) ಕೊಳವೆ ಇದ್ದರೆ ಒಬ್ಬೊಬ್ಬರೇ ಶುಲ್ಕ ಕಟ್ಟಿ ಸಂಪರ್ಕ ಪಡೆಯಬಹುದು. ಇಲ್ಲದಿದ್ದರೆ ಒಬ್ಬರ ಅರ್ಜಿಯಿಂದ ಆಗದು, ಅದಕ್ಕೆ ಯೋಜನೆಯೇ ಆಗಬೇಕು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಜನ ವರ್ಷಗಟ್ಟಲೆ ಕಾದದ್ದು ಇದಕ್ಕೇ. ಬಡಾವಣೆಯ ನಿವಾಸಿಗಳ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಮನೆಗಳ ಸಂಖ್ಯೆ, ರಸ್ತೆಗಳ ನಕ್ಷೆ, ಹತ್ತಿರದ ಮ್ಯಾನ್‌ಹೋಲ್ ಎಷ್ಟು ದೂರ, ಶೌಚದ ಪಿಟ್ ತುಂಬಿ ಹರಿಯುವ ಜಾಗದ ಫೋಟೊ, ಎಲ್ಲವನ್ನೂ ಸೇರಿಸಿ ಜಲಮಂಡಳಿಯ ಕಾರ್ಯಪಾಲಕ ಎಂಜಿನಿಯರ್‌ಗೆ ಕೊಡಿ. ಒಂದು ಪ್ರತಿ ಶಾಸಕರಿಗೂ ಹೋಗಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಮಾತ್ರ ಬರಬೇಡಿ. ಉತ್ತರವಿಲ್ಲವೇ? ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, 30 ದಿನದೊಳಗೆ ಉತ್ತರಿಸಲೇಬೇಕು.

ಅಲ್ಲಿಯವರೆಗೆ ದಯವಿಟ್ಟು ಯಾರೂ ಶೌಚದ ಪೈಪನ್ನು ಮಳೆನೀರಿನ ಚರಂಡಿಗೆ ತಿರುಗಿಸಬೇಡಿ, ಆ ನೀರು ಕೆರೆಗೆ ಹೋಗುತ್ತದೆ.