‘ಬೇಡ’ ಎನ್ನದವರೆಲ್ಲ ದಾನಿಗಳೇ?

ಮಾನ್ಯರೇ,

ಅಂಗದಾನದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿರುವುದಾಗಿ ತಿಳಿಸಿ, ಸ್ಪೇನ್, ಆಸ್ಟ್ರಿಯಾಗಳಂತೆ ‘ಬೇಡ’ವೆಂದು ಬರೆದುಕೊಡದವರನ್ನೆಲ್ಲ ದಾನಿಗಳೆಂದೇ ಪರಿಗಣಿಸುವ ಕಾನೂನು ನಮ್ಮಲ್ಲೇಕಿಲ್ಲ ಎಂದು ಕೇಳಿದ್ದೀರಿ. ಮನುಷ್ಯನ ಉದಾಸೀನವನ್ನೇ ಸತ್ಕಾರ್ಯಕ್ಕೆ ಬಳಸಿಕೊಳ್ಳುವ ವರ್ತನಾ ಅರ್ಥಶಾಸ್ತ್ರದ ಈ ಉಪಾಯ ಆಕರ್ಷಕವೇ ಸರಿ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಪ್ಪಿಗೆಯಿದೆಯೆಂದು ಲೆಕ್ಕಕ್ಕೆ ಸಿಗುವವರು, ‘ಕೊಡುತ್ತೇನೆ’ ಎಂದು ತಾವಾಗಿ ಹೇಳಬೇಕಾದ ಜರ್ಮನಿಯಲ್ಲಿ ಶೇ 12ರಷ್ಟಿದ್ದರೆ, ನೆರೆಯ ಆಸ್ಟ್ರಿಯಾದಲ್ಲಿ ಶೇ 99ಕ್ಕೂ ಹೆಚ್ಚು. ಆದರೆ ಕಾಗದದ ಮೇಲಿನ ಈ ಒಪ್ಪಿಗೆಯಲ್ಲಿ ಎಷ್ಟು ಪಾಲು ಕಸಿಯಾದ ಕಿಡ್ನಿಯಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಸ್ಪೇನ್ ಅಂತೂ ನಿಮ್ಮ ವಾದಕ್ಕೆ ಒದಗುವುದಿಲ್ಲ. ಅಲ್ಲಿ ಅಂಥ ಕಾನೂನು ಬಂದದ್ದು 1979ರಲ್ಲಿ. ದಾನಿಗಳ ಸಂಖ್ಯೆ ಗಣನೀಯವಾಗಿ ಏರಿದ್ದು 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟಿ, ತೀವ್ರ ನಿಗಾ ಘಟಕದ ವೈದ್ಯರಿಗೇ ತರಬೇತಿ ಕೊಟ್ಟು ಅವರನ್ನು ಅಂಗದಾನದ ಸಂಯೋಜಕರನ್ನಾಗಿ ನೇಮಿಸಿದ ಮೇಲೆ. ಹತ್ತು ಲಕ್ಷ ಜನಕ್ಕೆ ಸುಮಾರು 14 ಇದ್ದ ದಾನಿಗಳು ಈಗ 40ನ್ನು ಮೀರಿದ್ದಾರೆ. ಇಷ್ಟಾಗಿಯೂ ಕುಟುಂಬದವರನ್ನು ಕೇಳದೆ ಅಲ್ಲಿ ಅಂಗ ಪಡೆಯುವುದಿಲ್ಲ. ಆ ವ್ಯವಸ್ಥೆಯನ್ನು ಕಟ್ಟಿದ ರಫಾಯೆಲ್ ಮತೆಸಾನ್ಸ್ ಅವರೇ ಯಶಸ್ಸಿನ ಶ್ರೇಯವನ್ನು ಕಾನೂನಿಗೆ ಕೊಡಲು ಒಪ್ಪಿದವರಲ್ಲ.

ಹಾಗೆಂದು ವರ್ತನಾ ಅರ್ಥಶಾಸ್ತ್ರವನ್ನೇ ತಳ್ಳಿಹಾಕಬೇಕಿಲ್ಲ. 2013ರಲ್ಲಿ ಬ್ರಿಟನ್ ಸರ್ಕಾರ ವಾಹನ ಸಂಬಂಧಿ ಜಾಲತಾಣದಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮುಂದೆ ಅಂಗದಾನಕ್ಕೆ ನೋಂದಾಯಿಸಿಕೊಳ್ಳುವಂತೆ ಎಂಟು ಬಗೆಯ ಕೋರಿಕೆಗಳನ್ನಿಟ್ಟು ಪರೀಕ್ಷಿಸಿತು. ನಿಮಗೇ ಅಂಗ ಬೇಕಾದರೆ ಪಡೆಯುವಿರಾ, ಹಾಗಿದ್ದರೆ ಇತರರಿಗೂ ನೆರವಾಗಿ ಎಂಬ ಧಾಟಿಯದು ಗೆದ್ದಿತು; ಅದರಿಂದ ವರ್ಷಕ್ಕೆ ಸುಮಾರು 96,000 ಹೆಚ್ಚುವರಿ ನೋಂದಣಿ ಸಾಧ್ಯವೆಂದು ಅಂದಾಜಿಸಲಾಯಿತು. ನಗುಮುಖದ ಗುಂಪಿನ ಚಿತ್ರ ಸೇರಿಸಿದ ಕೋರಿಕೆಯಾದರೋ, ಏನನ್ನೂ ಸೇರಿಸದ ಕೋರಿಕೆಗಿಂತ ಹಿಂದೆ ಬಿತ್ತು! ಭಿತ್ತಿಪತ್ರಗಳನ್ನು ಅಚ್ಚು ಹಾಕಿಸುವ ನಮ್ಮ ಇಲಾಖೆಗಳು ಗಮನಿಸಬೇಕಾದ ಸಂಗತಿಯಿದು.

ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ, ತೀವ್ರ ನಿಗಾ ಘಟಕದಲ್ಲಿ ದಾನದ ಅವಕಾಶವನ್ನು ಬಂಧುಗಳ ಗಮನಕ್ಕೆ ತರುವುದನ್ನು ಕಡ್ಡಾಯಗೊಳಿಸಿದೆ. ಮಿದುಳು ನಿಷ್ಕ್ರಿಯವಾಗಿದ್ದರೂ ಎದೆ ಏರಿಳಿಯುತ್ತಿರುವ ಮಗನ ಹಾಸಿಗೆಯ ಬಳಿ ನಿಂತ ತಾಯಿಗೆ ಆ ಮಾತನ್ನು ಯಾರು, ಯಾವಾಗ, ಹೇಗೆ ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದ್ದರಿಂದ ಸರ್ಕಾರಕ್ಕೆ ಖರ್ಚು ಮಾಡಲು ಹಣವಿದ್ದರೆ, ಅದು ಮೊದಲು ಜಿಲ್ಲಾಸ್ಪತ್ರೆಗಳಲ್ಲಿ ತರಬೇತಾದ ಸಂಯೋಜಕರ ನೇಮಕಕ್ಕೆ ಹೋಗಲಿ ಎಂಬುದು ನನ್ನ ನಿಲುವು. ಪ್ರತಿಜ್ಞಾಪತ್ರದ ನಮೂನೆಯನ್ನೂ ತಿದ್ದಬಹುದು: ಸಹಿ ಹಾಕಿದವರ ಮನೆಯ ಇಬ್ಬರಿಗೆ ಆಗಲೇ ಸಂದೇಶ ಹೋಗುವಂತಾದರೆ, ಆ ಗಳಿಗೆಯಲ್ಲಿ ಬಂಧುಗಳು ಊಹಿಸಬೇಕಾಗಿ ಬರುವುದಿಲ್ಲ. ನಿಮ್ಮ ನಿರ್ಧಾರವನ್ನು ಮನೆಯವರಿಗೆ ತಿಳಿಸಿದ್ದೀರಾ ಎಂಬುದನ್ನು ಮಾತ್ರ ನೀವು ಪತ್ರದಲ್ಲಿ ಬರೆದಿಲ್ಲ.

— ಸಂಪಾದಕ