ಮೂರನೇ ತಂತಿ ಮಂಕಾದರೆ ಇಡೀ ಸೆಟ್ ಬದಲಿಸಬೇಕೇ?

ಪ್ರಶ್ನೆ: ನನ್ನ ಕ್ಲಾಸಿಕಲ್ ಗಿಟಾರಿನಲ್ಲಿ ಮೂರನೇ ತಂತಿಯ (ಜಿ) ನಾದ ಮಾತ್ರ ಮಂಕು. ಹಾರ್ಡ್ ಟೆನ್ಶನ್ (ಹೆಚ್ಚು ಬಿಗಿಯ) ಸೆಟ್ ಹಾಕಲೇ? ಸ್ಟೀಲ್ ತಂತಿ ಹಾಕು, ದನಿ ಏಳುತ್ತದೆ ಎನ್ನುತ್ತಾರೆ ಗೆಳೆಯರು.

ಉತ್ತರ: ಸ್ಟೀಲ್ ಬೇಡವೇ ಬೇಡ. ನಾರ್ಮಲ್ ಟೆನ್ಶನ್ನಿನ ನೈಲಾನ್ ಸೆಟ್ ಒಟ್ಟು ಸುಮಾರು 38 ಕೆ.ಜಿ. ಬಲದಿಂದ ಎಳೆಯುತ್ತದೆ, 12–53 ಅಳತೆಯ (ಇಂಚಿನ ಸಾವಿರದಂಶದಲ್ಲಿ ತಂತಿಯ ದಪ್ಪ) ಸ್ಟೀಲ್ ಸೆಟ್ಟಿನ ಎಳೆತ 70 ಕೆ.ಜಿ. ದಾಟುತ್ತದೆ. ಅಷ್ಟು ಭಾರಕ್ಕೆ ಅಂಟಿನ ಮೇಲೆ ನಿಂತ ಕುದುರೆ (ತಂತಿ ಕಟ್ಟುವ ಬ್ರಿಜ್) ಕಿತ್ತು ಬರಬಹುದು, ತೆಳು ಮೇಲ್ಹಲಗೆ ಉಬ್ಬಬಹುದು.

ಹಾರ್ಡ್ ಟೆನ್ಶನ್ನಿನಿಂದ ಗಿಟಾರಿಗೆ ಸಾಮಾನ್ಯವಾಗಿ ಅಪಾಯವಿಲ್ಲ, ಹೆಚ್ಚುವುದು ಒಂದೆರಡು ಕೆ.ಜಿ. ಅಷ್ಟೇ. ಆದರೆ ನಿಮ್ಮ ತೊಂದರೆಗೆ ಅದು ಮದ್ದಲ್ಲ. ನೈಲಾನ್ ಹಗುರ, ಜಿ ಸ್ವರಕ್ಕೆ ಇಳಿಯಬೇಕಾದರೆ ತಂತಿ 1 ಮಿ.ಮೀ.ಗೂ ತುಸು ದಪ್ಪ ಇರಬೇಕು. ಅಷ್ಟು ದಪ್ಪ ತಂತಿ ಸಲೀಸಾಗಿ ಬಳುಕದೆ ಮೇಲಿನ ಉಪಸ್ವರಗಳು (ನಾದಕ್ಕೆ ಹೊಳಪು ಕೊಡುವ ಸೂಕ್ಷ್ಮ ಸ್ವರಗಳು) ಬೇಗ ಸಾಯುತ್ತವೆ. ಹಾರ್ಡ್ ಸೆಟ್ಟಿನ ಜಿ ಇನ್ನೂ ದಪ್ಪ!

ಮೊದಲು ತಂತಿ ಹಳತಾಗಿದೆಯೇ ನೋಡಿ. 12ನೇ ಫ್ರೆಟ್ಟಿನ ಮೇಲೆ ಬೆರಳನ್ನು ಸುಮ್ಮನೆ ಸೋಕಿಸಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಹಿಂದೆ ಸರಿಯಾಗಿದ್ದ ಗಿಟಾರಿನಲ್ಲಿ ಈಗ ಎರಡರ ಶ್ರುತಿ ಕೂಡದಿದ್ದರೆ ತಂತಿ ಸವೆದಿದೆ. ಹೊಸ ನೈಲಾನ್ ತಂತಿಯೇ ಸಾಕಾಗಬಹುದು.

ಹೊಸದೂ ಮಂಕಾದರೆ ಬಿಡಿಯಾಗಿ ಸಿಗುವ ಕಾರ್ಬನ್ (ಫ್ಲೋರೋಕಾರ್ಬನ್) ಜಿ ತಂತಿ ಒಂದನ್ನೇ ಹಾಕಿ. ಫ್ಲೋರೋಕಾರ್ಬನ್ ನೈಲಾನಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ, ಹಾಗಾಗಿ 0.85 ಮಿ.ಮೀ. ಆಸುಪಾಸಿನ ದಪ್ಪ ಸಾಕು, ನಾದ ಸ್ಪಷ್ಟವಾಗುತ್ತದೆ. ಸವಾರೆಜ್ ಕಂಪನಿಯ ಅಲಯನ್ಸ್ ತಂತಿ ಈ ಬಗೆಯದು. ಮೇಲಿನ ಸ್ಥಾಯಿಯ ಮೂರೂ ತಂತಿಗಳನ್ನು ಕಾರ್ಬನ್ ಮಾಡಿದರೆ ಮೊದಲನೆಯದು ಚುಚ್ಚುವಂತೆ ಕೇಳಬಹುದು, ಅದಕ್ಕೇ ಒಂದು ಎಂದೆವು.

ಕಟ್ಟುವಾಗ ಎಚ್ಚರ, ಕಾರ್ಬನ್ ಜಾರುತ್ತದೆ. ತಂತಿಯನ್ನು ತನ್ನ ಸುತ್ತ ಮೂರು ಸಲ ಹೆಣೆಯಿರಿ. ಕೊನೆಯ ಹೆಣಿಗೆ ಕುದುರೆಯ ಹಿಂಬದಿ ಅಂಚಿನಿಂದ ಕೆಳಗಿರಲಿ. ಮೇಲೆಯೇ ಉಳಿದರೆ ಗಂಟು ಬಿಚ್ಚಿಕೊಂಡು ತಂತಿಯ ತುದಿ ಹಲಗೆಗೆ ಬಡಿದು ಗಾಯ ಮಾಡುತ್ತದೆ. ತೆಳು ತಂತಿ ನಟ್ಟಿನ (ಗಿಟಾರಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) ಅಗಲ ಕಚ್ಚಿನಲ್ಲಿ ಆಳಕ್ಕೆ ಕೂತು, ಒತ್ತದೆ ನುಡಿಸಿದಾಗ ಜಿರ್ರೆಂದರೆ, ನಟ್ ಬದಲಿಸಬೇಕಾದೀತು. ನಾಲ್ಕೈದು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ತಂತಿ ಹಿಗ್ಗುತ್ತಿದೆ, ಅಷ್ಟೇ, ಬಿರಡೆ ಕೆಟ್ಟಿಲ್ಲ.